ದೇವದೂತನಿಗೆ ಕೊಟ್ಟ ದನಿ

ಬಯಾಸ್ಕೋಪಿನ ಡೇರೆಯಲ್ಲಿ ಪರದೆಯ ಪಕ್ಕ ನಿಂತು, ಸದ್ದಿಲ್ಲದೆ ಬಾಯಾಡಿಸುವ ದೊರೆ ದೊರೆಸಾನಿಯರಿಗೆ ಕನ್ನಡದ ಮಾತು ಹೇಳುವುದು ನನ್ನ ಕೆಲಸವಾಗಿತ್ತು. ಚಿತ್ರದ ನಡುವೆ ಬರುವ ಇಂಗ್ಲಿಷ್ ಬರಹ ನನಗೆ ಓದಲು ಬರುತ್ತಿರಲಿಲ್ಲ. ಬಂದಿದ್ದರೆ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ. ಅಮಲ್ದಾರರ ಗತ್ತು, ನಮ್ಮಪ್ಪನ ಬೈಗುಳ, ಹೆಣ್ಣು ನೋಡಲು ಹೋದಾಗ ನಾನೇ ತೊದಲಿದ್ದು, ಎಲ್ಲವನ್ನೂ ಯಾರದೋ ಬಾಯಿಗೆ ಹಾಕಿ ಜನರನ್ನು ನಗಿಸುತ್ತಿದ್ದೆ.

ಡೇರೆ ನರಸೀಪುರದಲ್ಲಿದ್ದಾಗ ಯೇಸು ಹುಟ್ಟಿದ ಕಥೆಯ ಚಿತ್ರ ಬಂತು. ಕಥೆ ತಿಳಿಯದೆ ನಂಜನಗೂಡಿನ ಮುದಿ ಉಪದೇಶಿಗಳ ಬಳಿ ಹೋದೆ. ಊರೂರು ನಡೆದು ಸತ್ಯವೇದ ಓದಿ ಹೇಳುತ್ತಿದ್ದವರು ಅವರು. ನಾನು ತಂದಿದ್ದ ಜಾಹೀರಾತಿನ ಕಾಗದವನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಅದರಲ್ಲಿ ದೇವದೂತ ಹೆಂಗಸು, ಬೆನ್ನಿಗೆ ಬಾತುಕೋಳಿಯ ಪುಕ್ಕದಂಥ ರೆಕ್ಕೆ.

"ಇದ್ಯಾರಪ್ಪ ಈಯಮ್ಮ? ವೇದದಲ್ಲಿ ದೂತರು ನಮ್ಮ ನಿಮ್ಮಂಗೇ ಬರ್ತಾರೆ. ಬಿಸಿಲಲ್ಲಿ ಬಂದು ಮರದ ಕೆಳಗೆ ಕೂತು ಊಟ ಮಾಡಿದ್ದೂ ಉಂಟು."

"ರೆಕ್ಕೆನೇ ಇಲ್ವಾ ಸಾ?"

"ಆರಾರು ರೆಕ್ಕೆಯೋವು ಅವೆ. ಅವು ದೇವರ ಸಿಂಹಾಸನ ಬಿಟ್ಟು ಕದಲಾಕಿಲ್ಲ. ಸುದ್ದಿ ತರೋ ದೂತನ್ನ ಕಂಡ್ರೆ ಜನ ನಡುಗೋಯ್ತಾರೆ. ಅದಕ್ಕೇ ಅವನು ಮೊದ್ಲು ಹೆದರಬೇಡಿ ಅಂತಾನೆ. ಅದನ್ನ ಮಾತ್ರ ನೆಟ್ಟಗೆ ಹೇಳಪ್ಪ."

ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಆಟದ ಸಂಜೆ ಅವರು ಹೆಡತಲೆಯ ಒಬ್ಬ ಮುದುಕಿಯನ್ನೂ ಇನ್ನಷ್ಟು ಜನರನ್ನೂ ಗಾಡಿ ಕಟ್ಟಿಸಿ ಕರೆತಂದು ಮುಂದೆ ಕೂತಿದ್ದರು. ಪರದೆಯ ಮೇಲೆ ರೆಕ್ಕೆಯವಳು ಇಳಿದಳು. "ಹೆಣ್ಣು ಗರುಡ ಕಣ್ಲಾ, ಕೈ ಮುಗೀರ್ಲಾ" ಎಂದ ಯಾರೋ. ಡೇರೆಗೆ ಡೇರೆಯೇ ಕೈ ಮುಗಿಯಿತು. ನನ್ನ ಕಡೆ ಒಬ್ಬರೂ ನೋಡಲಿಲ್ಲ. ಅದನ್ನು ತಡೆಯಲು ನನ್ನಿಂದಾಗಲಿಲ್ಲ. ಎರಡು ಸಲ ಕೆಮ್ಮಿ, ಗಂಟಲು ಸರಿಮಾಡಿ, ಮೂಗಿನಲ್ಲಿ ಎಳೆದೆ: "ಹೆದರ... ಬೇಡೀ..."

ಉಪದೇಶಿಗಳು ಸತ್ಯವೇದ ಓದುವಾಗಿನ ಕೆಮ್ಮು, ಅವರದೇ ದನಿ. ಡೇರೆ ಬಿದ್ದು ನಕ್ಕಿತು. ತಮ್ಮದೇ ದನಿಯೆಂದು ಗುರುತು ಸಿಗದೆ ಅವರೂ ನಕ್ಕರು. ಮುದುಕಿ ತಿರುಗಿ ಅವರ ಮುಖ ನೋಡಿದಾಗ ನಗು ನಿಲ್ಲಿಸಿದರು.

ಅಂದಿನಿಂದ ಹುಲ್ಲಹಳ್ಳಿಯ ಸಂತೆಯಲ್ಲಿ ಅವರು ಪುಸ್ತಕ ತೆರೆದರೆ ಸಾಕು, ಯಾರಾದರೊಬ್ಬ ಎರಡು ಸಲ ಕೆಮ್ಮುತ್ತಿದ್ದ. ಅವರು ಸಂತೆಗೆ ಹೋಗುವುದನ್ನು ಬಿಟ್ಟರು. ನಾನು ತಪ್ಪಾಯಿತು ಎನ್ನಲು ಹೋದೆ.

"ಒಂದ್ಸಲ ಮಾಡು, ಕೇಳಾಣ" ಎಂದರು.

ಅವರೆದುರೇ ಮಾಡಿದೆ.

"ಅಷ್ಟೊಂದು ಎಳೀತೀನಾ?"

"ನಾನೇ ಜಾಸ್ತಿ ಎಳ್ದೆ ಸಾ" ಎಂದೆ. ಸುಳ್ಳು. ಕೂದಲಷ್ಟೂ ಹೆಚ್ಚು ಮಾಡಿರಲಿಲ್ಲ.

ಸ್ವಲ್ಪ ದಿನಕ್ಕೆ ಹೆಡತಲೆಯ ಮುದುಕಿ ಹಾಸಿಗೆ ಹಿಡಿದು ಅವರಿಗೆ ಹೇಳಿಕಳಿಸಿದಳು. ಪುಸ್ತಕ ಹೊತ್ತುಕೊಂಡು ನಾನೂ ಹಿಂದೆ ಹೋದೆ. ದೂತ ಬಂದು ಹೇಳುವ ಭಾಗವನ್ನೇ ಓದಿ ಎಂದಳು. ಅವರು ಓದಿದರು. ಕೆಮ್ಮಲಿಲ್ಲ, ಎಳೆಯಲಿಲ್ಲ, ಕಚೇರಿಯ ಜವಾನ ನೋಟೀಸು ಓದಿದ ಹಾಗೆ ಓದಿದರು.

"ಬುದ್ಧಿ, ನೀವು ಓದೋ ಅಂಗೆ ಓದಿ. ಇದ್ಯಾರೋ ಓದ್ದಂಗದೆ" ಎಂದಳು ಮುದುಕಿ.

ಮತ್ತೆ ಶುರುಮಾಡಿದರು. ಹೆದರಬೇಡಿ ಎಂಬ ಮಾತಿಗೆ ಬರುತ್ತಲೇ ನಿಂತುಬಿಟ್ಟರು. ಮೂರನೆಯ ಸಲವೂ ಅಷ್ಟೇ. ಮುದುಕಿಯ ಕಣ್ಣು ನನ್ನ ಕಡೆ ಹೊರಳಿತು.

"ನೀನಾದ್ರೂ ಹೇಳಪ್ಪ, ಅವ್ರಂಗೆ."

ನಾನು ಉಪದೇಶಿಗಳ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಹೇಳಿದೆ, ಅದೇ ಕೆಮ್ಮು, ಅದೇ ಎಳೆತ. ಯಾರೂ ನಗಲಿಲ್ಲ. ಮುದುಕಿ ನೆಮ್ಮದಿಯಾಗಿ ಕಣ್ಣು ಮುಚ್ಚಿದಳು. ಉಪದೇಶಿಗಳು ಪುಸ್ತಕ ಮುಚ್ಚಿ, "ಇನ್ನು ನಿನ್ನತ್ರನೇ ಇರ್ಲಿ" ಎಂದು ನನ್ನ ಕೈಗೆ ಕೊಟ್ಟು, ಹೊರಗೆ ಹೋಗಿ ಮೆಟ್ಟು ಹಾಕಿಕೊಂಡರು.