ಮೂಲೆಗೆ ಎರಡು ಗೊಂಚಲು

ಅಂಗೈ ಅಗಲದ ಒಂದು ಉಣ್ಣೆಯ ಹೂವು ನನಗೆ ಎಷ್ಟಕ್ಕೆ ಬಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಉಣ್ಣೆ ಹೆಚ್ಚೆಂದರೆ ಹದಿನೈದು ರೂಪಾಯಿಯದು. ಉಮರ್ಗಾದಿಂದ ನಿಲಂಗಾಕ್ಕೆ ಐದು ಸಲ ಬಸ್ಸಿನಲ್ಲಿ ಹೋಗಿ ಬಂದೆ. ಹೆಂಗಸರಿಗೆ ಅರ್ಧ ಟಿಕೀಟು, ಅದೂ ಹಗುರವೇ. ಭಾರವಾದದ್ದು ಬೇರೆ. ಒಂದರ ಹಿಂದೆ ಒಂದು ಮದುವೆ ಇರುವ ಲಗ್ನಸರಾಯಿಯಲ್ಲಿ ಐದು ದಿನ ಅಂಗಡಿಯ ಶಟರ್ ಎಳೆದೆ. ಹಬ್ಬಕ್ಕೂ ಎಳೆಯದವಳು ನಾನು. ಯಾಕೆ ಇಷ್ಟು ಬಿತ್ತು ಎಂದರೆ, ಆ ಹೂವು ಮಾರಾಟಕ್ಕೆ ಇರಲಿಲ್ಲ. ಇದ್ದಿದ್ದರೆ ಅರ್ಧ ಬೆಲೆಗೆ ಕೇಳಿ ಮುಕ್ಕಾಲಿಗೆ ತಂದು ಸಂಜೆಯೊಳಗೆ ಕೆಲಸ ಮುಗಿಸುತ್ತಿದ್ದೆ.

ಉಮರ್ಗಾದಲ್ಲಿ ನನ್ನದು ಮ್ಯಾಚಿಂಗ್ ಸೆಂಟರ್. ಜಂಪರ್ ಪೀಸು, ಸೀರೆಯ ಫಾಲು, ಒಳಗೆ ಹೊಲಿಯುವ ಅಸ್ತರು, ಇಷ್ಟೇ ಮಾಲು. ಈಗ ಅಂಗಡಿಯಲ್ಲಿ ಗಾಜಿನ ಬೀರು, ಫ್ಯಾನು ಎಲ್ಲ ಇವೆ. ಮೊದಲು ಇದ್ದದ್ದು ತಲೆಯ ಮೇಲಿನ ಗಂಟು ಮಾತ್ರ. ನಮ್ಮ ಯಜಮಾನರು ಆಡತಿ ಅಂಗಡಿಯಲ್ಲಿ ಕಾಳು ತೂಗುವ ಕೆಲಸಕ್ಕೆ ಹೋಗುತ್ತಿದ್ದರು, ನಾನು ಬಟ್ಟೆಯ ಗಂಟು ಹೊತ್ತು ಲೋಹಾರಾ, ಸಾಸ್ತೂರದ ಕಡೆ ಮನೆಮನೆ ತಿರುಗುತ್ತಿದ್ದೆ. ನನ್ನ ಒಬ್ಬಳೇ ಮಗಳು ಆಗ ಬೆಳೆದದ್ದು ಪಕ್ಕದ ಅಯ್ಯನವರ ಮನೆಯಲ್ಲಿ. ಅಯ್ಯನವರು ನಾಲ್ಕಾರು ಮನೆಗಳ ಪೂಜೆ ನೋಡಿಕೊಳ್ಳುತ್ತಿದ್ದರು. ಅವರ ಹೆಂಡತಿಯನ್ನು ನಾವೆಲ್ಲ ಅಮ್ಮಾರು ಎನ್ನುತ್ತಿದ್ದೆವು. ಮಗಳಿಗೆ ಮಧ್ಯಾಹ್ನ ಉಣಿಸಿ, ತಾವೇ ಹೆಣೆದ ಹೂವುಹೂವಿನ ಚಾದರ ಹೊದಿಸಿ ಮಲಗಿಸುತ್ತಿದ್ದವರು ಅವರೇ. ನಾನು ಬಂದು ಮಲಗಿದ್ದವಳನ್ನು ಎತ್ತಿಕೊಂಡು ಹೋಗುತ್ತಿದ್ದೆ.

ಈ ವರ್ಷ ಅದೇ ಮಗಳು ಚೊಚ್ಚಲ ಬಾಣಂತನಕ್ಕೆ ಬಂದಳು. ಹೆಣ್ಣು ಮಗು. ಐದನೆಯ ತಿಂಗಳಿಗೆ ತಾಯಿ ಮಗುವನ್ನು ಉದಗೀರಕ್ಕೆ, ಗಂಡನ ಮನೆಗೆ ಕಳಿಸುವುದೆಂದು ದಿನ ಗೊತ್ತಾಯಿತು. ಏನು ಕೊಟ್ಟು ಕಳಿಸಲಿ ಎಂದು ಕೇಳಿದೆ.

"ಅವ್ವಾ, ಬೆಳ್ಳಿ ಬಟ್ಟಲಾ ಬ್ಯಾಡ, ಏನೂ ಬ್ಯಾಡ. ಅಮ್ಮಾರ ಮನ್ಯಾಗ ನಾ ಹೊದ್ಕೋತಿದ್ದೆ ನೋಡು, ಹೂವಿನ ಚಾದರ, ಅಂಥಾದೊಂದು ಬೇಕು. ಅದ್ರಾಗ ಒಂದರೇ ಹೂ ನಿನ್ನ ಕೈಲೆ ಆಗಿರಬೇಕು."

"ನಂಗೆಲ್ಲಿ ಬರತದ ಅದು? ಎಂಥಾದು ಬೇಕು ಹೇಳು, ತರ್ತೀನಿ."

"ತರೂದು ಗೊತ್ತದ. ಹುಟ್ಟಿದಾಗಿಂದ ತರ್ಲತ್ತಿ. ಕೈಲೆ ಮಾಡಿ ಕೊಟ್ಟಿದ್ದು ಒಂದರೇ ಅದ ಏನು?"

ಮಗುವಿನ ಕಾಲು ಒತ್ತುತ್ತ ದಿನ ಎಣಿಸಿದೆ: ನಲವತ್ತು ಉಳಿದಿದ್ದವು.

ಉಣ್ಣೆ ತರಲು ಉದಗೀರಕ್ಕೆ ಹೋದೆ. ದಾರದ ಅಂಗಡಿಯವನು ನನಗೆ ಹಳೆಯ ಪರಿಚಯ. ನಾನು ಬೆಲೆ ಕೇಳಿದ ಕೂಡಲೇ ಅವನು ಎರಡೂ ಕೈ ಮೇಲೆತ್ತಿ, "ಪರವಡತ ನಾಹಿ ಬಾಯಿ, ಖರೇನೇ ಗಿಟ್ಟೂದಿಲ್ಲ," ಎಂದ. ನಾನು ಎದ್ದು ಮೆಟ್ಟಿಲು ಇಳಿದೆ. ಮೂರನೆಯ ಮೆಟ್ಟಿಲಿಗೆ ಕರೆದ. ಹಳದಿ, ಹಸಿರು, ಬಿಳಿ ಸರಿಯಾಗಿ ಕೊಟ್ಟ. ಗುಲಾಬಿ ಬಣ್ಣದ ಉಂಡೆಗಳು ಮಾತ್ರ ಅರ್ಧ ಒಂದು ಪೆಟ್ಟಿಗೆಯವು, ಅರ್ಧ ಇನ್ನೊಂದರವು. ಟ್ಯೂಬ್‌ಲೈಟಿನಲ್ಲಿ ಎಲ್ಲ ಒಂದೇ ಕಂಡವು. ಕಡಿಮೆಗೆ ಬಂದವಲ್ಲ ಎಂದು ಕಟ್ಟಿಸಿಕೊಂಡೆ. ಬಟ್ಟೆಯ ಬಣ್ಣವನ್ನು ಬಿಸಿಲಿಗೆ ಹಿಡಿದು ನೋಡಬೇಕೆಂದು ದಿನಾ ಗಿರಾಕಿಗೆ ಹೇಳುವವಳು ನಾನೇ!

ಅಮ್ಮಾರು ಈಗ ನಿಲಂಗಾದಲ್ಲಿ ಇದ್ದಾರೆ, ಮಠದ ಹಿಂದಿನ ಎರಡು ಖೋಲಿಯ ಮನೆಯಲ್ಲಿ. ಎಪ್ಪತ್ತು ದಾಟಿದೆ. ಮಗಳು ಕೇಳಿದ್ದನ್ನು ಹೇಳಿ ಉಣ್ಣೆಯ ಚೀಲ ಮುಂದಿಟ್ಟೆ. ಅವರು ಅದನ್ನು ಬಿಚ್ಚಿ ಗುಲಾಬಿ ಉಂಡೆಗಳೆರಡನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದರು.

"ಎಷ್ಟ ಉಳಿಸಿದಿ, ದುಕಾನದಾಕಿ?"

ನಾನು ಹೇಳಿದೆ.

"ಉಳಿಸಿದ್ದು ಕಾಣ್ಲತ್ತದ."

ನನಗೆ ಮುಖ ಎತ್ತಲಾಗಲಿಲ್ಲ. ಆದರೆ ಅವರು ಆಗಲೇ ಗಾಢವಾದದ್ದನ್ನು ಎಡಕ್ಕೆ, ತಿಳಿ ಬಣ್ಣದ್ದನ್ನು ಬಲಕ್ಕೆ ವಿಂಗಡಿಸುತ್ತಿದ್ದರು. ಒಳ ಎಸಳಿಗೆ ಗಾಢ, ಹೊರ ಎಸಳಿಗೆ ತಿಳಿ. ಅರ್ಧ ಗಂಟೆಯಲ್ಲಿ ಮೊದಲ ಹೂವು ಅವರ ಮಡಿಲಲ್ಲಿತ್ತು. ಎರಡು ಬಣ್ಣವನ್ನು ಬೇಕೆಂದೇ ಆರಿಸಿ ತಂದ ಹಾಗೆ ಕಾಣುತ್ತಿತ್ತು. ಮಾಲಿನ ಕೊರತೆಯನ್ನು ಮುಚ್ಚಿ ಮಾರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕೊರತೆಯಿಂದಲೇ ಮಾಲಿನ ಅಂದ ಹೆಚ್ಚಿಸುವವರನ್ನು ನೋಡಿದ್ದು ಇವರೊಬ್ಬರನ್ನೇ.

ಅವರ ಸೂಜಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಸೈಕಲ್ ಚಕ್ರದ ಕಡ್ಡಿಯನ್ನು ಕತ್ತರಿಸಿ, ತುದಿಯನ್ನು ಅರದಿಂದ ತಿಕ್ಕಿ ಕೊಕ್ಕೆ ಮಾಡಿದ್ದು. ಅಯ್ಯನವರು ಲಗ್ನವಾದ ಹೊಸದರಲ್ಲಿ ಮಾಡಿಕೊಟ್ಟದ್ದಂತೆ. ಹಿಡಿಯುವ ಕಡೆ ಬೆರಳಿನ ಅಚ್ಚು ಬಿದ್ದು ನುಣುಪಾಗಿದೆ. ಅಮ್ಮಾರು ಕೈಯನ್ನು ನೋಡುವುದೇ ಇಲ್ಲ. ಬಾಗಿಲಿಗೆ ಬಂದ ಕಾಯಿಪಲ್ಲೆಯವಳ ಜೊತೆ ಬದನೆಕಾಯಿಯ ಹುಳುಕಿನ ಬಗ್ಗೆ ಜಗಳ ಆಡುತ್ತಿರುವಾಗಲೂ ಬೆರಳು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ, ಒಂದು ಹೆಣಿಕೆಯೂ ತಪ್ಪುವುದಿಲ್ಲ.

ನಾನು ವ್ಯವಹಾರ ಶುರು ಮಾಡಿದೆ. ಹೂವಿಗೆ ಇಷ್ಟು, ಬೇಗ ಆದರೆ ಇನ್ನಿಷ್ಟು.

"ಏ, ನಾ ಮಾರೂದಿಲ್ಲ. ಆ ಕೂಸಿನ ತಾಯೀನ ಸಾಕ್ದಾಕಿ ನಾ. ಪೂಜಿ ಆದ ಮ್ಯಾಲ, ಊಟಕ್ಕಿಂತ ಮೊದಲ, ದಿನಕ್ಕ ಒಂದು ಹೂ. ಎರಡು ಮಾಡಂಗಿಲ್ಲ. ಅಡ್ಡ ಐದು, ಉದ್ದ ಏಳು, ಮೂವತ್ತೈದು ಹೂವಿನ ಚಾದರ ಆಗತದ. ಮೂವತ್ನಾಕು ನಂದು. ಒಂದು ನಿಂದು."

"ಬರದಿದ್ರ, ಅಮ್ಮಾರೇ?"

"ಬರದಿದ್ರ ಆ ಜಾಗಾ ಖಾಲಿ. ತೂತಿನ ಚಾದರಾನೇ ಉದಗೀರಕ್ಕ ಹೋಗತದ."

ನನ್ನ ಹೂವಿನ ಜಾಗವನ್ನು ನಟ್ಟನಡುವೆ ಗೊತ್ತು ಮಾಡಿದರು. ಮೂಲೆಯಲ್ಲಿ ಬಿಟ್ಟರೆ ನಾನು ಮಡಚಿ ಮುಚ್ಚಿಬಿಡುತ್ತೇನೆಂದು ಅವರಿಗೆ ಗೊತ್ತಿತ್ತು. ಇಷ್ಟು ವರ್ಷದಲ್ಲಿ ನನ್ನನ್ನು ಕಟ್ಟಿಹಾಕಿದ ವ್ಯಾಪಾರಿ ಯಾರಾದರೂ ಇದ್ದರೆ ಅದು ಏನನ್ನೂ ಮಾರದ ಈ ಹೆಂಗಸು.

ಅವತ್ತೇ ಕಲಿಸಿದರು. ದಾರವನ್ನು ಕೊಕ್ಕೆಗೆ ಸುತ್ತಿ ಎಳೆದು ನಿಲ್ಲಿಸುವ ಹೆಣಿಕೆಗೆ ಕಂಬ ಎನ್ನುತ್ತಾರೆ. ಒಂದೇ ತೂತಿನಲ್ಲಿ ಮೂರು ಕಂಬ ನಿಂತರೆ ಒಂದು ಗೊಂಚಲು. ನಡುವೆ ಹಳದಿ, ಸುತ್ತ ಗುಲಾಬಿ ಎಸಳು, ಅಲ್ಲಿಯವರೆಗೆ ಹೂವು ದುಂಡಗೆ. ಹಸಿರು ಸುತ್ತಿನಲ್ಲಿ ಅದನ್ನು ಚೌಕ ಮಾಡಬೇಕು: ನಾಲ್ಕು ಮೂಲೆಯಲ್ಲಿ ಒಂದೇ ತೂತಿಗೆ ಒಂದು ಗೊಂಚಲು, ಎರಡು ಸರಪಳಿ ಹೆಣಿಕೆ, ಮತ್ತೆ ಇನ್ನೊಂದು ಗೊಂಚಲು. ಅದರ ಮೇಲೆ ಬಿಳಿ ಸುತ್ತು. ಹಾಗೆಂದು ಕೈ ಹಿಡಿದು ತೋರಿಸಿದರು.

ಊರಿಗೆ ಬಂದು, ಅವರು ಕೊಟ್ಟ ಬೇರೊಂದು ಸೂಜಿ ಹಿಡಿದು, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಹೆಣೆಯಲು ಕುಳಿತೆ. ಐದು ಸಲ ಬಿಚ್ಚಿದ ಮೇಲೆ ಎಸಳು ಬಂದವು. ಮೂಲೆಗೆ ಬಂದಾಗ ನನ್ನ ತಲೆ ಓಡಿತು. ಒಂದೇ ತೂತಿಗೆ ಎರಡು ಗೊಂಚಲು ಏಕೆ? ಒಂದು ಸಾಲದೇ? ದಾರವೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ನಾಲ್ಕು ಮೂಲೆಗೂ ಒಂದೊಂದೇ ಹಾಕಿದೆ, ಬಿಳಿ ಸುತ್ತಿಗೂ ಅದೇ ಲೆಕ್ಕ. ಮುಗಿಸಿ ಕೌಂಟರಿನ ಮೇಲಿಟ್ಟರೆ ಅದು ಮಲಗಲಿಲ್ಲ. ಅಂಚು ಮೇಲೆದ್ದು ವಾಟಿಯ ಹಾಗೆ, ಸಣ್ಣ ಬಟ್ಟಲಿನ ಹಾಗೆ ಕುಳಿತಿತು.

ನಿಲಂಗಾಕ್ಕೆ ಒಯ್ದೆ. ಅಮ್ಮಾರು ಅದರಲ್ಲಿ ನಾಲ್ಕು ಶೇಂಗಾ ಕಾಳು ಹಾಕಿ ನನ್ನ ಮುಂದೆ ಇಟ್ಟರು.

"ತಿನ್ನು. ವಾಟಿ ಛಲೋ ಮಾಡಿದಿ. ಮೂಲ್ಯಾಗ ಎಷ್ಟ ಹಾಕಿದಿ?"

"ಎರಡೇ ಹಾಕೀನ್ರಿ ಅಮ್ಮಾರೇ," ಎಂದು ಸುಳ್ಳು ಹೇಳಿದೆ. "ಕೈ ಬಿಗಿ ಆಗ್ಯಾದ, ಅಷ್ಟೇ."

ಅವರು ಕಾಳು ಸುರುವಿ ಹೂವನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನೇ ವಾಪಸು ತಂದು ನನ್ನ ಕಸುಬಿನ ಉಪಾಯ ಮಾಡಿದೆ. ಬಟ್ಟೆಯವರ ಕೈಗೆ ಎಳೆಯುವುದು ಗೊತ್ತು. ಮೀಟರ್ ಪಟ್ಟಿಯ ಮೇಲೆ ಬಟ್ಟೆಯನ್ನು ಚೂರು ಜಗ್ಗಿ ಅಳೆಯದ ಅಂಗಡಿಯವರು ಯಾರಿದ್ದಾರೆ? ಹೂವನ್ನು ಒದ್ದೆ ಮಾಡಿ ನಾಲ್ಕೂ ಕಡೆ ಜಗ್ಗಿ, ಅಸ್ತರಿನ ಮೂರು ಥಾನಿನ ಅಡಿ ಇಟ್ಟೆ. ಮರುದಿನ ಅದು ಕಾಗದದ ಹಾಗೆ ಚಪ್ಪಟೆ. ಪಟ್ಟಿ ಹಿಡಿದರೆ ಅಮ್ಮಾರ ಹೂವಿನಷ್ಟೇ ಅಳತೆ. ಸ್ವತಃ ನನಗೇ ನನ್ನ ಬಗ್ಗೆ ಹೆಮ್ಮೆಯಾಯಿತು.

ಮೂರನೆಯ ಸಲ ಹೋದಾಗ ಅಮ್ಮಾರ ಹೂವುಗಳು ಇಪ್ಪತ್ತರ ಹತ್ತಿರ ಬಂದಿದ್ದವು. ನನ್ನದನ್ನು ಅವುಗಳ ಪಕ್ಕ ಇಟ್ಟೆ. ಅವರು ತಿರುಗಿಸಿ ನೋಡಿದರು, ಮೂಸಿದರು. ಎದ್ದು ಹೋಗಿ ತಂಬಿಗೆಯ ನೀರಿನಲ್ಲಿ ಅದ್ದಿ ಹಿಂಡಿ ಕಟ್ಟೆಯ ಬಿಸಿಲಿಗೆ ಎಸೆದರು. ನಾವಿಬ್ಬರೂ ಚಹಾ ಕುಡಿದೆವು. ಕುಡಿದು ಮುಗಿಸಿ ಇನ್ನಷ್ಟು ಹೊತ್ತು ಮಾತಾಡುವಷ್ಟರಲ್ಲಿ ನನ್ನ ಹೂವು ಬಿಸಿಲಿನಲ್ಲಿ ನಿಧಾನವಾಗಿ ಅಂಚು ಎತ್ತಿ ಮತ್ತೆ ವಾಟಿಯಾಯಿತು.

"ಕೂಸಿನ ಚಾದರ ದಿನಾ ಒಗೀಬೇಕಾಗತದ," ಎಂದರು ಅಮ್ಮಾರು. "ಒಂದು ಸಲ ಒಗದ ಮ್ಯಾಲ ನಿನ್ನ ಹೂ ನಡುವ ಕುಗ್ಗಿ ನಂದು ಮೂವತ್ನಾಕು ಹೂನೂ ಜಗ್ಗತದ. ಗಿರಾಕಿಗಿ ಹಿಂಗ ಅಳದು ಕೊಡ್ತಿ ಏನು?"

"ಇಲ್ರಿ ಅಮ್ಮಾರೇ..."

"ಮೂಲ್ಯಾಗ ಎಷ್ಟ ಹಾಕಿದಿ?"

"ಒಂದ್ರಿ."

ಅವರು ಬೈಯುತ್ತಾರೆ ಎಂದುಕೊಂಡೆ. ಒಳಗೆ ಹೋಗಿ ಟ್ರಂಕು ತೆರೆದು ಹಳೆಯ ಚಾದರ ತಂದರು. ನನ್ನ ಮಗಳು ಹೊದ್ದು ಮಲಗುತ್ತಿದ್ದದ್ದು. ಬಣ್ಣ ಮಾಸಿತ್ತು, ಒಂದೆರಡು ಕಡೆ ಹೊಸ ದಾರದಿಂದ ರಿಪೇರಿ ಆಗಿತ್ತು. ಆದರೆ ಪ್ರತಿಯೊಂದು ಚೌಕವೂ ನೆಲದ ಫರಸಿಯ ಹಾಗೆ ಸಪಾಟು. ನನ್ನ ಬೆರಳು ಹಿಡಿದು ಒಂದು ಮೂಲೆಯಲ್ಲಿ ಇಟ್ಟರು.

"ಹೂ ದುಂಡಗ ಹುಟ್ಟತದ. ಅದನ ಚೌಕ ಮಾಡಬೇಕಂದ್ರ ಮೂಲಿಗಿ ಜಾಸ್ತಿ ಕೊಡಬೇಕು. ಎಲ್ಲಾ ಕಡಿ ಉಳಸು ಬೇಕಾದ್ರ, ಮೂಲ್ಯಾಗ ಉಳಸಬ್ಯಾಡ. ಬಿಚ್ಚು."

ಅಲ್ಲೇ ಕುಳಿತು ಬಿಳಿ, ಹಸಿರು ಎರಡೂ ಸುತ್ತು ಬಿಚ್ಚಿದೆ. ಬಿಚ್ಚುವಾಗ ದಾರ ಸುರುಳಿಸುರುಳಿಯಾಗಿ ಮಡಿಲಿಗೆ ಬೀಳುತ್ತಿತ್ತು, ನಾನು ಉಳಿಸಿದೆನೆಂದುಕೊಂಡ ದಾರ ಗೇಣಿನಷ್ಟೂ ಇರಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಗೆದು ಒಣಗಿಸಿದ ಆ ಹಳೆಯ ಮೂಲೆಗಳನ್ನು ಎಷ್ಟು ಸಲ ಮುಟ್ಟಿದೆನೋ. ನಾನು ಗಂಟು ಹೊತ್ತು ಬಿಸಿಲಲ್ಲಿ ತಿರುಗುತ್ತಿದ್ದ ಆ ಮಧ್ಯಾಹ್ನಗಳಲ್ಲಿ ಈ ಹೆಂಗಸು ನನ್ನ ಮಗಳ ಪಕ್ಕ ಕುಳಿತು ಯಾರೂ ನೋಡದ ಮೂಲೆಗಳಿಗೆ ಎರಡೆರಡು ಗೊಂಚಲು ಹಾಕುತ್ತಿದ್ದರು. ಅದಕ್ಕೆ ನಾನು ಒಂದು ದಿನವೂ ಬೆಲೆ ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ನಾಲ್ಕನೆಯ ಸಲ ಒಯ್ದ ಹೂವು ತಂಬಿಗೆಯಲ್ಲಿ ಅದ್ದಿ ಒಣಗಿಸಿದ ಮೇಲೂ ಮಲಗಿಕೊಂಡೇ ಇತ್ತು. ಕೈ ಬಿಗಿ ಇತ್ತು, ಒಂದು ಎಸಳು ಉಳಿದವಕ್ಕಿಂತ ಸಣ್ಣದಿತ್ತು. ಮೂಲೆ ನಾಲ್ಕೂ ಸರಿ ಇದ್ದವು. ಅಮ್ಮಾರು ಅದನ್ನು ತಮ್ಮ ತೊಡೆಯ ಮೇಲೆ ಹಾಕಿಕೊಂಡು ಸೈಕಲ್ ಕಡ್ಡಿಯ ಸೂಜಿಯಿಂದ ನಡುವಿನ ಖಾಲಿ ಜಾಗಕ್ಕೆ ಹೆಣೆದು ಸೇರಿಸಿದರು. ಏನೂ ಹೊಗಳಲಿಲ್ಲ. "ಜಾಗಾ ತುಂಬತು," ಎಂದರು, ಅಷ್ಟೇ. ಬಸ್ಸಿನಲ್ಲಿ ನಾನು ಉಮರ್ಗಾದವರೆಗೂ ಒಬ್ಬಳೇ ನಗುತ್ತ ಬಂದೆ.

ಐದನೆಯ ಸಲ ಹೋಗಿ ಚಾದರ ತಂದೆ. ಮಗಳು ಹೊರಡುವ ದಿನ ಅದನ್ನು ಮಂಚದ ಮೇಲೆ ಹರಡಿ, ನಿನ್ನ ತಾಯಿಯ ಹೂವು ಯಾವುದು ಹೇಳು ಎಂದೆ. ಅವಳು ಕಣ್ಣಿನಿಂದ ಹುಡುಕಲಿಲ್ಲ. ಅಂಗೈಯಿಂದ ಸವರುತ್ತ ಹೋಗಿ ನಡುವೆ ನಿಂತಳು.

"ಇದು."

"ಹೆಂಗ ಹಿಡದಿ?"

"ಉಳದವು ಎಲ್ಲಾ ಮೆತ್ತಗ ಅವ. ಇದೊಂದು ಪಾರ್ಸಲ್ ಕಟ್ಟಿದಂಗ ಬಿಗಿ ಅದ. ನಿನ್ನ ಹಳೀ ಗಂಟಿನಂಗ, ಅವ್ವಾ."

ನಗುತ್ತಲೇ ಆ ಹೂವಿನ ಮೇಲೇ ಕೈ ಇಟ್ಟುಕೊಂಡಿದ್ದಳು. ಬಳಿಕ ಬ್ಯಾಗಿಗೆ ಹಾಕಲು ಕೊಡಲಿಲ್ಲ. ಮಗುವಿಗೆ ಸುತ್ತಿ ಎತ್ತಿಕೊಂಡು ಉದಗೀರದ ಗಾಡಿ ಹತ್ತಿದಳು. ಚಾದರ ಹೇಗಿದೆ ಎಂದು ನಾನು ಕೇಳಲಿಲ್ಲ. ಮಾಲು ಕೈ ಸೇರಿದ ಮೇಲೆ ವ್ಯಾಪಾರಿ ಬಾಯಿ ಮುಚ್ಚಿಕೊಂಡಿರಬೇಕು.

ನೀವೂ ಇಂಥದ್ದಕ್ಕೆ ಕೈ ಹಾಕುವವರಿದ್ದರೆ ನನ್ನ ಮಾತು ಕೇಳಿ. ಒಂದು ಬಣ್ಣದ ಉಣ್ಣೆಯನ್ನೆಲ್ಲ ಒಂದೇ ಪೆಟ್ಟಿಗೆಯಿಂದ, ಒಂದೇ ಸಲ ತನ್ನಿ, ಅಂಗಡಿಯಿಂದ ಹೊರಗೆ ಒಯ್ದು ಬಿಸಿಲಲ್ಲಿ ನೋಡಿ. ಚೌಕಾಸಿ ಮಾಡಿ, ಬೇಡ ಎನ್ನುವುದಿಲ್ಲ, ಬಣ್ಣ ನೋಡಿದ ಮೇಲೆ ಮಾಡಿ. ಹೆಣೆದ ಹೂವನ್ನು ಜಗ್ಗಿ ಅಳೆಯಬೇಡಿ. ನೀರಿಗೆ ಅದ್ದಿ ಒಣಗಿಸಿ, ಆಮೇಲೆ ಪಟ್ಟಿ ಹಿಡಿಯಿರಿ. ಕೊನೆಯ ದಾರವನ್ನು ಗಿಡ್ಡ ಕತ್ತರಿಸದೆ ಒಂದು ಗೇಣು ಬಿಟ್ಟು ಹಿಂಬದಿಯಲ್ಲಿ ಹೊಲಿದು ಹುದುಗಿಸಿ, ಇಲ್ಲವಾದರೆ ಮೂರನೆಯ ಒಗೆತಕ್ಕೆ ಬಿಚ್ಚುತ್ತದೆ. ಮೂಲೆಗೆ ಎರಡು ಗೊಂಚಲು, ನಡುವೆ ಎರಡು ಸರಪಳಿ, ಅದರಲ್ಲಿ ಮಾತ್ರ ನನ್ನ ಹಾಗೆ ಬುದ್ಧಿ ಓಡಿಸಬೇಡಿ. ಮತ್ತೆ, ಮಗಳು ಬಾಣಂತನಕ್ಕೆ ಬರುವ ತನಕ ಕಾಯಬೇಡಿ. ಬಸುರಿ ಎಂದು ಸುದ್ದಿ ಬಂದ ವಾರವೇ ಸೂಜಿ ಹಿಡಿಯಿರಿ. ಐದು ಸಲವಾದರೂ ಬಿಚ್ಚಲು ಹೊತ್ತು ಬೇಕು.