ಡಬ್ಬಿ ಮಾಸ್ತರ ಕಾವಲುಗಾರ

ಲಿಫ್ಟ್ ತಯಾರಿಸುವ ಆ ಕಂಪನಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವರು ಡಬ್ಬಿ ಮಾಸ್ತರು. ಅವರೇನೂ ಪಾಠ ಹೇಳುವ ಮಾಸ್ತರಲ್ಲ, ಎಂಜಿನಿಯರು. ಆದರೆ ಎದುರಿಗೆ ಯಾರೇ ಸಿಗಲಿ, ಪಾಪ, ಚಹಾ ಕುಡಿಯಲು ಬಂದವರೇ ಆಗಿರಲಿ, ಡಬ್ಬಿಯ ಪಾಠ ಶುರು.

ಪಾಠ ಇಷ್ಟೇ. ಲಿಫ್ಟಿಗೊಂದು ಪುಟ್ಟ ಕಂಪ್ಯೂಟರು, ಅದರೊಳಗೆ ಕರ್ನಲ್ ಎಂಬ ಯಜಮಾನ ಪ್ರೋಗ್ರಾಮು. ಆ ಯಜಮಾನನಿಗಿರುವ ಮೆಮೊರಿ ಅಂಗೈಯಗಲದ್ದು. ಅದನ್ನು ಮಾಸ್ತರು ಒಂದೇ ಅಳತೆಯ ಡಬ್ಬಿಗಳಾಗಿ ವಿಂಗಡಿಸಿ ಕಪಾಟಿನಲ್ಲಿ ಜೋಡಿಸಿಟ್ಟಂತೆ ಇಟ್ಟಿದ್ದರು. ನೀವು ಲಿಫ್ಟಿನ ಗುಂಡಿ ಒತ್ತಿದಿರಿ ಅನ್ನಿ, ಆ ಕರೆಯನ್ನು ಬರೆದುಕೊಳ್ಳಲು ಒಂದು ಡಬ್ಬಿ ಹೊರಗೆ ಬರುತ್ತದೆ. ಲಿಫ್ಟ್ ಬಂದು, ಬಾಗಿಲು ತೆರೆದು ಮುಚ್ಚಿದ ಮೇಲೆ ಡಬ್ಬಿ ಖಾಲಿಯಾಗಿ ಕಪಾಟಿಗೆ ವಾಪಸ್. ಎಲ್ಲಕ್ಕೂ ಅಳತೆ ಒಂದೇ ಆದ್ದರಿಂದ ಹುಡುಕುವ, ಅಳೆಯುವ, ಸಂದುಗೊಂದಿಯಲ್ಲಿ ತುರುಕುವ ತಾಪತ್ರಯವೇ ಇಲ್ಲ. ನಿಯಮವೂ ಒಂದೇ: ತೆಗೆದುಕೊಂಡವರು ವಾಪಸ್ ಇಡಬೇಕು. ಇಡದಿದ್ದರೆ ಒಂದಲ್ಲ ಒಂದು ದಿನ ಕಪಾಟು ಬರಿದಾಗುತ್ತದೆ. ನೀವು ಗುಂಡಿಯನ್ನು ಹೆಬ್ಬೆರಳು ನೋಯುವಷ್ಟು ಒತ್ತಿದರೂ ಲಿಫ್ಟ್ ಕಿವುಡನ ಹಾಗೆ ನಿಂತಿರುತ್ತದೆ.

ಮನೆಯಲ್ಲೂ ಇದೇ ರಾಜ್ಯಭಾರ. ಮದುವೆಯ ಗೊಡವೆಗೆ ಹೋಗದ ಮಾಸ್ತರು ತಾಯಿಯ ಜೊತೆ ಒಂಬತ್ತನೇ ಮಹಡಿಯಲ್ಲಿದ್ದರು. ಅಡುಗೆಮನೆಯಲ್ಲಿ ಡಬ್ಬಿಗಳೆಲ್ಲ ಒಂದೇ ಗಾತ್ರ. "ನಾಲ್ಕು ಲವಂಗಕ್ಕೂ ಅದೇ ಡಬ್ಬಿ, ಸಕ್ಕರೆಗೂ ಅದೇ ಡಬ್ಬಿ. ಲವಂಗ ಬೇಕು ಅಂದ್ರೆ ಭುಜದವರೆಗೂ ಕೈ ಹಾಕ್ಬೇಕು ಕಣೋ!" ಎಂದು ತಾಯಿ ಗೊಣಗುತ್ತಿದ್ದರು. ಮಾಸ್ತರು "ಹೂಂ" ಅನ್ನುತ್ತಿದ್ದರು. ತಾಯಿ ಏನು ಹೇಳಿದರೂ ಅವರ ಉತ್ತರ ಹೂಂ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಇನ್ನು ಅವರ ಕಾವಲುಗಾರ. ಡಬ್ಬಿ ವಾಪಸ್ ಇಡದ ಕಳ್ಳರನ್ನು ಹಿಡಿಯಲೆಂದೇ ಮಾಸ್ತರು ಒಂದು ಪುಟ್ಟ ಪ್ರೋಗ್ರಾಮು ಬರೆದು, ಅದಕ್ಕೆ ಪ್ರೀತಿಯಿಂದ ಕಾವಲುಗಾರ ಎಂದು ಹೆಸರಿಟ್ಟಿದ್ದರು. ಯಾವುದಾದರೂ ಡಬ್ಬಿ ಬಹಳ ಹೊತ್ತು ಹೊರಗೇ ಇದ್ದರೆ ಅವನು ತಕ್ಷಣ ದೂರು ಬರೆದಿಡುತ್ತಿದ್ದ. ಕಚೇರಿಯಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ಲಿಫ್ಟಿನಲ್ಲಿ ಬಿದ್ದ ದೂರುಗಳನ್ನು ಮಾಸ್ತರು ಬೆಳಿಗ್ಗೆ ಚಹಾ ಹೀರುತ್ತ ಒಂದೂ ಬಿಡದೆ ಓದುತ್ತಿದ್ದರು. ಬೇರೆಯವರು ಪೇಪರು ಓದುವುದಿಲ್ಲವೇ, ಹಾಗೆ.

ಇಂಥವರಿದ್ದ ಕಟ್ಟಡಕ್ಕೆ ಬೇರೆ ಕಂಪನಿಯ ಲಿಫ್ಟ್ ಬರಲು ಸಾಧ್ಯವೇ? "ನಮ್ಮದೇ ಹಾಕಿಸಿ, ನಾನಿಲ್ವಾ" ಎಂದು ಅಕ್ಕಪಕ್ಕದವರನ್ನೆಲ್ಲ ಒಪ್ಪಿಸಿ ಹಾಕಿಸಿದರು. ಆಗ ಶುರುವಾಯಿತು ಗ್ರಹಚಾರ. ವಾರಗಟ್ಟಲೆ ಸರಿಯಾಗಿ ಓಡಿದ ಲಿಫ್ಟ್ ಇದ್ದಕ್ಕಿದ್ದಂತೆ ಕಿವುಡಾಗುತ್ತಿತ್ತು. ವಾಚ್‌ಮನ್ ಮೇನ್ ಸ್ವಿಚ್ ಆರಿಸಿ ಹಾಕಿದರೆ ಮತ್ತೆ ಸರಿ. ಹಾಗೆ ಆರಿಸಿದೊಡನೆ ಡಬ್ಬಿಗಳೆಲ್ಲ ಖಾಲಿಯಾಗಿ, ಏನಾಗಿತ್ತೆಂಬ ಸುಳಿವೂ ಅಳಿಸಿಹೋಗುತ್ತಿತ್ತು. ಒಮ್ಮೆಯಂತೂ ಮಾಸ್ತರ ತಾಯಿಯೇ ಒಳಗೆ ಸಿಕ್ಕಿಹಾಕಿಕೊಂಡರು. ಹೊರಬಂದವರು ಮಗ ಚಾಚಿದ ಕೈ ಹಿಡಿಯದೆ ಕೋಲೂರಿಕೊಂಡು ಮನೆಗೆ ನಡೆದರು.

ಅವಮಾನದಿಂದ ಕುದಿದ ಮಾಸ್ತರು ಕಟ್ಟಡದ ಲಿಫ್ಟಿನಲ್ಲಿ ಆಮೇಲೆ ಹೊಸದಾಗಿ ಬಿದ್ದ ದೂರುಗಳನ್ನು ತೆಗೆದು ನೋಡಿದರು. ಎಲ್ಲದರಲ್ಲೂ ಒಂದೇ ಮಾತು: ಡಬ್ಬಿ ಬಾಗಿಲ ಪ್ರೋಗ್ರಾಮಿನ ಕೈಯಲ್ಲಿದೆ, ವಾಪಸ್ ಬಂದಿಲ್ಲ. ಬಾಗಿಲ ಪ್ರೋಗ್ರಾಮು ಬರೆದವಳು ಕೆಲಸಕ್ಕೆ ಹೊಸದಾಗಿ ಸೇರಿದ್ದ ಹುಡುಗಿ. ಕಚೇರಿಯವರು ಅವಳಿಗಿಟ್ಟ ಹೆಸರು ಬಾಗಿಲಮ್ಮ. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸೋಮವಾರದ ಮೀಟಿಂಗಿನಲ್ಲಿ ಅದರ ತೀರ್ಮಾನ.

"ಡಬ್ಬಿ ಕಳೆದಿಲ್ಲ ಸರ್, ತಡ ಆಗಿರ್ಬೇಕು ಅಷ್ಟೆ," ಎಂದಳು ಅವಳು. "ಅದಿರ್ಲಿ, ನಿಮ್ಮ ಕಾವಲುಗಾರ ದೂರು ಬರೀತಾನಲ್ಲ, ಎಲ್ಲಿ ಬರೀತಾನೆ ಸರ್?"

"ಎಲ್ಲಿ ಬರೆದರೆ ನಿಮಗೇನಮ್ಮ? ಏನು ಬರೆದಿದಾನೆ ನೋಡಿ!"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೊಣಗುತ್ತ ಮಾಸ್ತರು ಮ್ಯಾನೇಜರ ಕೋಣೆಗೆ ಹೋದರು. "ಅವಳಿಂದಾನೇ ಆಗ್ತಿರೋದು ಅಂತ ಖಾತ್ರಿನಾ? ಹಾಗಿದ್ರೆ ಕಳಿಸಿಬಿಡೋಣ," ಎಂದರು ಮ್ಯಾನೇಜರು. "ಸೋಮವಾರ ಸಾಕ್ಷಿ ಸಮೇತ ತರ್ತೀನಿ," ಎಂದರು ಮಾಸ್ತರು.

ಶನಿವಾರ ಸಂಜೆ ಸಾಕ್ಷಿ ಹಿಡಿಯಲು ಕೂತರು. ಲಿಫ್ಟಿನ ಕಂಪ್ಯೂಟರು ಇದ್ದದ್ದು ಒಂಬತ್ತನೇ ಮಹಡಿಯಲ್ಲೇ, ಲಿಫ್ಟಿನ ಬಾಗಿಲ ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ. ತೆರೆದಿಟ್ಟ ಅದರ ಅಗಲದ ಮುಚ್ಚಳದ ಮರೆಗೆ ಮಣೆ ಹಾಕಿಕೊಂಡು, ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ, ಕಪಾಟಿನಲ್ಲಿ ಎಷ್ಟು ಡಬ್ಬಿ ಉಳಿದಿವೆ ಎಂಬುದನ್ನೇ ದಿಟ್ಟಿಸುತ್ತಿದ್ದರು.

ತಾಯಿ ಕೋಲೂರುತ್ತ ಬಂದರು. ಗುಂಡಿ ಒತ್ತಿದರು. ಡಬ್ಬಿಯೊಂದು ಹೊರಬಂತು. ಬಾಗಿಲು ತೆರೆಯಿತು. ತಾಯಿ ಒಳಗೆ ಹೋಗಲಿಲ್ಲ. ಸಿಕ್ಕಿಹಾಕಿಕೊಂಡ ದಿನದಿಂದ ಅವರಿಗೆ ಆ ಬಾಗಿಲ ಮೇಲೆ ನಂಬಿಕೆ ಹೋಗಿತ್ತು. ಅದು ಮುಚ್ಚದಂತೆ ಕೋಲನ್ನು ಅಡ್ಡ ಇಟ್ಟು, ಎದುರು ಮನೆಯಾಕೆಯನ್ನು ಕೂಗಿ ಕರೆದರು. ಮುಚ್ಚಳದ ಹಿಂದೆ ಮಗ ಕೂತಿದ್ದಾನೆಂದು ಅವರಿಗೇನು ಗೊತ್ತು!

"ಬೆಳಿಗ್ಗೆ ಹೇಳಿದೆ, ಹೂಂ ಅಂದ. ಮಧ್ಯಾಹ್ನ ಹೇಳಿದೆ, ಹೂಂ ಅಂದ. ಏನು ಹೇಳಿದೆ ಹೇಳು ನೋಡೋಣ ಅಂದ್ರೆ, 'ಆಯ್ತಮ್ಮ, ಕರೆಂಟ್ ಬಿಲ್ ಕಟ್ತೀನಿ' ಅಂತಾನೆ ಕಣೇ! ನಾನು ಹೇಳಿದ್ದು ಮೊಣಕಾಲಿನ ವಿಷ್ಯ. ಮೊಣಕಾಲಿಗೆ ಯಾರಾದ್ರೂ ಬಿಲ್ ಕಟ್ತಾರೇನೇ?"

ಎದುರು ಮನೆಯಾಕೆ ಹೊಟ್ಟೆ ಹಿಡಿದು ನಕ್ಕಳು. ಮಾತು ಮುಂದುವರಿಯಿತು. ಬಾಗಿಲು ಕೋಲಿಗೆ ತಾಗಿ ತಾಗಿ ಹಿಂದೆ ಸರಿಯುತ್ತಿತ್ತು. ಅಷ್ಟರಲ್ಲಿ ಪರದೆಯ ಮೇಲೆ ಎರಡನೇ ಡಬ್ಬಿಯೊಂದು ಕಪಾಟಿನಿಂದ ಇಳಿಯಿತು. ಯಾರೂ ಗುಂಡಿ ಒತ್ತಿರಲಿಲ್ಲ. ಮಾಸ್ತರು ಕನ್ನಡಕ ಒರೆಸಿಕೊಂಡರು. ತಾಯಿ ಕೊನೆಗೂ ಒಳಗೆ ಹೋಗಿ ಬಾಗಿಲು ಮುಚ್ಚಿದಾಗ ಮೊದಲನೇ ಡಬ್ಬಿ ಸುಮ್ಮನೆ ವಾಪಸ್ ಬಂತು. ಬಾಗಿಲಮ್ಮ ಹೇಳಿದ್ದ ಹಾಗೆ, ತಡವಾಗಿ, ಆದರೆ ತಪ್ಪದೆ. ವಾಪಸ್ ಬಾರದೆ ಉಳಿದದ್ದು ಎರಡನೆಯದು. ಅದರೊಳಗೆ ಇದ್ದದ್ದು ಕಾವಲುಗಾರ ಬರೆದ ದೂರು.

ಮಾಸ್ತರಿಗೆ ಈಗ ಹೊಳೆಯಿತು. ದೂರು ಬರೆಯಲು ಕಾವಲುಗಾರ ಅದೇ ಕಪಾಟಿನಿಂದ ಡಬ್ಬಿ ತೆಗೆಯುತ್ತಿದ್ದ. ಯಾರಾದರೂ ಓದುವವರೆಗೆ ಬಿಟ್ಟುಕೊಡುತ್ತಿರಲಿಲ್ಲ. ಕಚೇರಿಯಲ್ಲಿ ಓದಲು ಮಾಸ್ತರಿದ್ದರು, ಡಬ್ಬಿಗಳು ದಿನವೂ ಖಾಲಿಯಾಗುತ್ತಿದ್ದವು. ಕಟ್ಟಡದಲ್ಲಿ ಓದುವವರು ಯಾರು? ಕೋಲೋ, ಸಾಮಾನಿನ ಚೀಲವೋ ಬಾಗಿಲಿಗೆ ಅಡ್ಡ ಬಿದ್ದಾಗಲೆಲ್ಲ ಒಂದು ದೂರು. ದೂರು ದೂರು ಸೇರಿ ಕಪಾಟೆಲ್ಲ ದೂರೇ ತುಂಬಿ, ಕರೆ ಬರೆದುಕೊಳ್ಳಲು ಒಂದು ಡಬ್ಬಿಯೂ ಉಳಿಯುತ್ತಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಮಾಸ್ತರು ಕಬ್ಬಿಣ ಕಾಯಿಸಿ ಕೂತಿದ್ದರು.

ಸರಿಮಾಡುವುದು ಸುಲಭ. ಡಬ್ಬಿ ತಡವಾಗಿಯಾದರೂ ವಾಪಸ್ ಬಂದರೆ ಅದರ ಮೇಲಿನ ದೂರನ್ನು ಅಳಿಸಿದರಾಯಿತು. ದೂರುಗಳಿಗೆ ಬೇರೆಯೇ ಒಂದು ಪುಟ್ಟ ಕಪಾಟು ಕೊಟ್ಟರಾಯಿತು. ಭಾನುವಾರ ಅಷ್ಟನ್ನೂ ಮಾಡಿ ಮುಗಿಸಿದರು. ಕೊನೆಗೆ, ಏನು ಬದಲಾಯಿಸಿದೆವೆಂದು ಬರೆಯುವ ಜಾಗದಲ್ಲಿ 'ಸಣ್ಣಪುಟ್ಟ ಸುಧಾರಣೆ' ಎಂದು ಬರೆದರು. ಬುದ್ಧಿವಂತರ ಮಾತು ನೋಡಿ! ಯಾರಿಗೂ ತಿಳಿಯುವುದಿಲ್ಲ. ಲಿಫ್ಟ್ ಸರಿಹೋಗುತ್ತದೆ, ಬಾಗಿಲಮ್ಮ ಮನೆಗೆ ಹೋಗುತ್ತಾಳೆ, ಮಾಸ್ತರು ಮಾಸ್ತರಾಗಿಯೇ ಉಳಿಯುತ್ತಾರೆ. ಆದರೆ ಅವಳು 'ಎಲ್ಲಿ ಬರೀತಾನೆ ಸರ್?' ಎಂದು ಕೇಳಿದ್ದು ಕಿವಿಯಲ್ಲೇ ಕೂತಿತ್ತು. ಥೂ ಅನ್ನಿಸಿತು. ಅಳಿಸಿ, 'ಕಾವಲುಗಾರನೇ ಕಳ್ಳ, ಬಾಗಿಲಿನದೇನೂ ತಪ್ಪಿಲ್ಲ' ಎಂದು ಬರೆದರು.

ಸೋಮವಾರ ಮೀಟಿಂಗಿನಲ್ಲಿ ಅದನ್ನೇ ಓದಿದರು. ಮ್ಯಾನೇಜರು ಎದ್ದು ಕೈ ಕುಲುಕಿ, "ಇಂಥ ತಪ್ಪು ಕಂಡುಹಿಡಿಯೋಕೆ ನಿಮ್ಮಂಥೋರೇ ಬೇಕು ಬಿಡಿ!" ಎಂದು ಹೊಗಳಿದರು. ತಪ್ಪು ಮಾಡುವುದಕ್ಕೂ ಅಂಥವರೇ ಬೇಕಿತ್ತೆಂದು ಯಾರೂ ಹೇಳಲಿಲ್ಲ. ಬಾಗಿಲಮ್ಮನ ಕೆಲಸ ಕಾಯಂ ಆಯಿತು. ಹೊರಗೆ ಬಂದಾಗ ಅವಳು, "ನಾನು ಮೊದಲೇ ಕೇಳಿದ್ದೆ ಸರ್," ಎಂದಳು.

"ಕೇಳಿದ್ರಿ. ನಾನು ಕೇಳಿಸ್ಕೊಳ್ಳಲಿಲ್ಲ," ಎಂದರು ಮಾಸ್ತರು.

ಸಂಜೆ ಮನೆಗೆ ಬಂದು ತಾಯಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. "ಅಮ್ಮಾ, ಲಿಫ್ಟ್ ಇನ್ನು ಕೆಡಲ್ಲ. ತಪ್ಪು ನಂದೇ. ದೂರು ಬಂದು ಬಿದ್ದಿರ್ತಿತ್ತು, ಓದೋರು ಯಾರೂ ಇರ್ಲಿಲ್ಲ. ಅದೇ ತುಂಬ್ಕೊಂಡು ಲಿಫ್ಟ್ ನಿಂತುಬಿಡ್ತಿತ್ತು."

ತಾಯಿ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಇದನ್ನ ಕಂಡುಹಿಡಿಯೋಕೆ ಕಂಪನಿಯೋರು ನಿಂಗೆ ಸಂಬಳ ಬೇರೆ ಕೊಡ್ತಾರಾ?"

ಮಾಸ್ತರು ಹೂಂ ಅನ್ನಲು ಹೋಗಿ ತಡೆದುಕೊಂಡರು. "ನಿನ್ನ ಮೊಣಕಾಲು ಹೇಗಿದೆ ಈಗ?"

"ಯಾವುದು? ಎಡಗಾಲಿಂದೋ, ಬಲಗಾಲಿಂದೋ?"

ನೋವು ಎರಡೂ ಕಾಲಿಗಿದೆ ಎಂಬುದು ಮಾಸ್ತರಿಗೆ ಗೊತ್ತಾದದ್ದು ಆಗಲೇ.