ಮರಳು ಬಿಟ್ಟು ಹುಲ್ಲು ಬಾಚುವ ಗಾಡಿ

ಕಳೆದ ವಾರ ಮಗಳು ತನ್ನ ಮೊಲಕ್ಕೆಂದು ಒಂದು ಚೀಲ ಒಣಹುಲ್ಲು ತಂದಳು. ಕುವೈತಿನ ಬ್ನೇದ್ ಅಲ್ ಗಾರ್‌ನ ಈ ಫ್ಲ್ಯಾಟಿನಲ್ಲಿ ನಾವು ಮೂವರು ತಿರುಗಾಡುವುದಕ್ಕೇ ಜಾಗವಿಲ್ಲ, ಇದರಲ್ಲಿ ಮೊಲವೊಂದು ಕೇಡು ಎಂದು ಗೊಣಗುತ್ತಲೇ ಚೀಲದ ಬಾಯಿ ಕತ್ತರಿಸಿದೆ. ವಾಸನೆ ಬಂತು ನೋಡಿ... ಬಿಸಿಲಲ್ಲಿ ಒಣಗಿದ ಕುದುರೆ ಮೆಂತ್ಯದ ಹುಲ್ಲಿನ ವಾಸನೆ. ಸ್ವಲ್ಪ ಸಿಹಿ, ಸ್ವಲ್ಪ ಚಹಾಪುಡಿಯ ಡಬ್ಬಿ ತೆರೆದ ಹಾಗೆ. ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. "ಅಮ್ಮಾ, ಇಟ್ಸ್ ಜಸ್ಟ್ ಹೇ. ವೈ ಆರ್ ಯೂ ಕ್ರೈಯಿಂಗ್?" ಎಂದಳು ಮಗಳು. ಏನೆಂದು ಹೇಳಲಿ ಅವಳಿಗೆ? ಅವಳು ಇನ್ನೂ ತೊದಲು ಮಾತಾಡುತ್ತಿದ್ದ ಕಾಲದ ಕತೆ ಅದು.

ಆಗ ನಾವು ಕುವೈತಿನ ಇನ್ನೊಂದು ಕಡೆ, ಫಿಂಟಾಸಿನಲ್ಲಿದ್ದೆವು. ಎದುರು ಫ್ಲ್ಯಾಟಿನಲ್ಲಿ ಹುಬ್ಬಳ್ಳಿ ಕಡೆಯ ಗಂಡ ಹೆಂಡತಿ, ಇಬ್ಬರೇ. ನಾನು ಮೈಸೂರಿನವಳು, ಅಭ್ಯಾಸಬಲದಿಂದ ಅಂಕಲ್, ಆಂಟಿ ಎಂದೆ. "ಅಂಕಲ್ ಅನಬ್ಯಾಡ ತಂಗಿ, ಕಹಿ ಔಷಧ ಕುಡದಂಗ ಆಗತೈತಿ. ಕಾಕಾ ಅನ್ನು," ಎಂದರು ಅವರು. ಅಂದಿನಿಂದ ಅವರು ಕಾಕಾ, ಹೆಂಡತಿ ಕಾಕೂ. ಉಪ್ಪು, ಸಕ್ಕರೆ, ಮಗುವನ್ನು ನೋಡಿಕೊಳ್ಳುವುದು, ಎಲ್ಲಕ್ಕೂ ಆ ಬಾಗಿಲೇ ನಮಗೆ ಗತಿಯಾಗಿತ್ತು.

ಕಾಕಾ ತಮ್ಮ ಕಫೀಲರ, ಅಂದರೆ ವೀಸಾ ಕೊಟ್ಟ ಯಜಮಾನರ, ವರ್ಕ್‌ಶಾಪಿನಲ್ಲಿ ಡಿಸೈನ್ ಇಂಜಿನಿಯರ್. ಕಫೀಲರು ವಯಸ್ಸಾದ ಕುವೈತಿ. ಕೆಲಸದವರೆಲ್ಲ ಅವರನ್ನು ಅರ್‌ಬಾಬ್ ಎನ್ನುತ್ತಿದ್ದರು. ಊರಾಚೆ ವಫ್ರಾದಲ್ಲಿ ಅವರದೊಂದು ತೋಟ, ತೋಟದಲ್ಲಿ ಕುದುರೆ ಮೆಂತ್ಯ ಬೆಳೆದ ಒಂದು ಹೊಲ, ಒಂದು ಮುದಿ ಹೆಣ್ಣು ಕುದುರೆ. ಒಂದಾನೊಂದು ಕಾಲಕ್ಕೆ ಓಟದಲ್ಲಿ ಗೆದ್ದವಳಂತೆ. ಕಾಲು ಹಿಡಿದುಕೊಳ್ಳಬಾರದೆಂದರೆ ಅವಳು ದಿನಾ ಸ್ವಲ್ಪ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ಅರ್‌ಬಾಬ್‌ಗೋ ದೇಶ ದೇಶದಿಂದ ಹಳೇ ಸಾಮಾನು ತರಿಸುವ ಖಯಾಲಿ. ಹಾಗೆ ಬಂದದ್ದು ಕುದುರೆ ಎಳೆಯುವ ಆ ಹುಲ್ಲಿನ ರೇಕ್. ಎರಡು ದೊಡ್ಡ ಚಕ್ರ, ಮೇಲೊಂದು ಕಬ್ಬಿಣದ ಸೀಟು, ಹಿಂದೆ ಸಾಲಾಗಿ ಬಾಗಿದ ಉದ್ದುದ್ದ ಹಲ್ಲುಗಳು. ಕೊಯ್ದು ಒಣಗಲು ಬಿಟ್ಟ ಹುಲ್ಲನ್ನು ಬಾಚಿಕೊಂಡು ಹೋಗುತ್ತದೆ, ಲಿವರ್ ಎತ್ತಿದರೆ ಒಂದು ಕಡೆ ರಾಶಿ ಬೀಳಿಸುತ್ತದೆ. ನಾನು ಅದಕ್ಕೆ ಬಾಚಣಿಗೆ ಗಾಡಿ ಎಂದು ಹೆಸರಿಟ್ಟೆ. ತುಕ್ಕು ತಿಂದು ಹಲ್ಲೆಲ್ಲ ಸಡಿಲವಾಗಿ, ಅರ್ಧ ಹುಲ್ಲು ನೆಲದಲ್ಲೇ ಉಳಿಯುತ್ತಿತ್ತು. "ಮುಹಂದಿಸ್, ಇದನ್ನು ಸರಿ ಮಾಡಿಕೊಡು. ಅವಳ ಮೇವನ್ನು ಅವಳೇ ಬಾಚಿಕೊಳ್ಳಲಿ," ಎಂದರಂತೆ ಅರ್‌ಬಾಬ್. ಇಂಜಿನಿಯರಿಗೆ ಇಲ್ಲಿನವರು ಮುಹಂದಿಸ್ ಎನ್ನುತ್ತಾರೆ.

ಟ್ಯಾಂಕು, ಪೈಪುಗಳ ನಕ್ಷೆ ಬರೆದು ಬರೆದು ಸಾಕಾಗಿದ್ದ ಮನುಷ್ಯ, ಮಗುವಿಗೆ ಆಟಿಕೆ ಸಿಕ್ಕ ಹಾಗೆ ಕುಣಿದಾಡಿಬಿಟ್ಟರು. ರಜೆಯ ಶುಕ್ರವಾರ ಬಂತೆಂದರೆ ಎರಡೂ ಮನೆಯವರು ಒಂದೇ ಕಾರಿನಲ್ಲಿ ವಫ್ರಾಕ್ಕೆ. ಕಾಕೂ ಕಟ್ಟಿ ತರುತ್ತಿದ್ದ ಚಪಾತಿ, ಶೇಂಗಾ ಹಿಂಡಿ. ಕಾಕಾ ಗಾಡಿಯ ಮೇಲೆ ಕೂರುತ್ತಲೇ ಇರಲಿಲ್ಲ. ಕುದುರೆಯ ಪಕ್ಕದಲ್ಲೇ ನಡೆಯುತ್ತಾ, "ನಡಿ ನಮ್ಮವ್ವಾ, ಸಾವಕಾಶ ನಡಿ," ಎಂದು ಮಾತಾಡಿಸುತ್ತಿದ್ದರು. "ಕಾಕೂ, ನಿಮ್ಮನ್ನ ಒಂದು ದಿನವಾದರೂ ಹೀಗೆ ಮಾತಾಡಿಸಿದ್ದಾರಾ?" ಎಂದು ನಾನು ಕೆಣಕಿದರೆ, "ಎಲ್ಲೀದವ್ವಾ! ನಾ ಕುದರಿ ಆಗಿ ಹುಟ್ಟಬೇಕಿತ್ತು," ಎಂದು ಕಾಕೂ ಹಣೆ ಬಡಿದುಕೊಳ್ಳುತ್ತಿದ್ದರು. ಎಷ್ಟು ನಗುತ್ತಿದ್ದೆವು ಆಗ...

ಕಾಕಾ ಹುಟ್ಟಿ ಬೆಳೆದದ್ದು ಎರೆಮಣ್ಣಿನ ಹೊಲಗಳಲ್ಲಿ. ಅಲ್ಲಿ ಕುಂಟೆ ಹೊಡೆಯುವಾಗ ಮೇಲೆ ಕಲ್ಲು ಹೇರುತ್ತಾರೆ, ಇಲ್ಲವೇ ಹೊಡೆಯುವವನೇ ಹತ್ತಿ ನಿಲ್ಲುತ್ತಾನೆ. ಭಾರ ಬೀಳದಿದ್ದರೆ ಆ ಕರಿಮಣ್ಣು ಜಪ್ಪಯ್ಯ ಎಂದರೂ ಅಲುಗುವುದಿಲ್ಲವಂತೆ. ಕೈಯಲ್ಲಿ ಡಿಗ್ರಿ ಇದ್ದರೇನು, ಮೈಯಲ್ಲಿ ಇದ್ದದ್ದು ಆ ಹೊಲ. "ಭಾರ ಇಲ್ಲಂದ್ರ ಹಲ್ಲು ಹಾರತಾವ ತಂಗಿ. ಹಲ್ಲು ನೆಲಾ ಹಿಡೀಬೇಕು," ಎಂದು ಹೊಸ ಹಲ್ಲುಗಳನ್ನು ಮಾಡಿಸಿ, ಅವುಗಳ ಮೇಲೆ ಉದ್ದಕ್ಕೂ ಒಂದು ದಪ್ಪ ಕಬ್ಬಿಣದ ತೊಲೆ ಬೆಸೆದರು. ಗಾಡಿ ಓಡಿತು. ಒಂದು ಕಡ್ಡಿಯೂ ಉಳಿಯದಂತೆ ಬಾಚಿತು. ಅರ್‌ಬಾಬ್ ಚಪ್ಪಾಳೆ ತಟ್ಟಿದರು, ಖರ್ಜೂರ ತರಿಸಿದರು, ನಾವೆಲ್ಲ ಫೋಟೋ ತೆಗೆಸಿಕೊಂಡೆವು. ಆ ಚಳಿಗಾಲವೆಲ್ಲ ಕುದುರೆ ತಾನೇ ಎಳೆದಳು, ಎಳೆದದ್ದನ್ನು ತಾನೇ ತಿಂದಳು.

ವಫ್ರಾದ್ದು ಎರೆಮಣ್ಣಲ್ಲ, ಮರಳು. ಹಲ್ಲು ನೆಲ ಹಿಡಿದಷ್ಟೂ ಹುಲ್ಲಿನ ಜೊತೆ ಮರಳು ಎದ್ದು ಬರುತ್ತಿತ್ತು. ನಮಗೆ ಅದು ಕಂಡರೂ ಹೊಳೆಯಲಿಲ್ಲ. ಈ ಊರಿನಲ್ಲಿ ಯಾವುದರಲ್ಲಿ ಮರಳಿಲ್ಲ ಹೇಳಿ? ಒಂದು ದೂಳುಗಾಳಿ ಎದ್ದರೆ ಕಿಟಕಿ ಮುಚ್ಚಿದ ಮನೆಯೊಳಗೂ ಹಾಸಿಗೆ ಕರಕರ ಎನ್ನುತ್ತದೆ. ಹುಲ್ಲಿನಲ್ಲಿ ಮರಳು ಕಂಡಾಗಲೆಲ್ಲ ಗಾಳಿಯನ್ನು ಬೈದುಕೊಂಡು ಸುಮ್ಮನಾದೆವು.

ಚಳಿಗಾಲ ಕಳೆದು ಬಿಸಿಲು ಏರುವ ಹೊತ್ತಿಗೆ ಒಂದು ಶುಕ್ರವಾರ ನಾವು ಹೋದಾಗ ಅವಳು ನೆಲಕ್ಕೆ ಬಿದ್ದು ಹೊರಳುತ್ತಿದ್ದಳು. ಏಳುವುದು, ಹೊಟ್ಟೆಯ ಕಡೆ ಕತ್ತು ತಿರುಗಿಸಿ ನೋಡುವುದು, ಮತ್ತೆ ಬೀಳುವುದು. ಅವಳನ್ನು ನೋಡಿಕೊಳ್ಳುತ್ತಿದ್ದ ಬಂಗಾಳಿ ಭಾಯಿ ದೇವರನ್ನು ಕರೆಯುತ್ತಾ ಅಳುತ್ತಿದ್ದ. ಕುದುರೆ ಡಾಕ್ಟರು ಬಂದು ಮೂಗಿನಿಂದ ನಳಿಕೆ ಇಳಿಸಿ ಎಣ್ಣೆ ಹಾಕಿದರು. ಆಮೇಲೆ ಅವಳ ಲದ್ದಿಯನ್ನು ಒಂದು ಪಾರದರ್ಶಕ ಚೀಲದಲ್ಲಿ ನೀರಿಗೆ ಕಲಸಿ ಎತ್ತಿ ಹಿಡಿದರು. ತಳದಲ್ಲಿ ಮರಳು ಇಳಿಯಿತು, ಒಂದು ಹಿಡಿಯಾಗುವಷ್ಟು. "ಹೊಟ್ಟೆಯಲ್ಲಿ ಇನ್ನೂ ಇದೆ. ಪೂರ್ತಿ ಹೊರಗೆ ಬರುವುದು ಕಷ್ಟ. ಇನ್ನು ಮೇಲೆ ಒಳಗೆ ಹೋದರೆ ಉಳಿಯುವುದಿಲ್ಲ," ಎಂದರು.

ಕಾಕಾ ಎದ್ದು, ಕಾಕೂ ಚಪಾತಿ ತಂದಿದ್ದ ಸ್ಟೀಲ್ ಬೋಗುಣಿ ಬರಿದು ಮಾಡಿ, ಹೊಲದಿಂದ ಒಂದು ತೆಕ್ಕೆ ಹುಲ್ಲು ತಂದು ಅದರಲ್ಲಿ ಹಾಕಿ ನೀರು ಸುರಿದರು. ಹುಲ್ಲನ್ನು ಜಾಲಾಡಿಸಿ ತೆಗೆದರು. ನಾವೆಲ್ಲ ಬಗ್ಗಿ ನೋಡಿದೆವು. ಅದೇ ಮರಳು. "ಮಾಡಿದ್ದುಣ್ಣೋ ಮಹಾರಾಯ ಅಂತಾರಲ್ಲ ತಂಗಿ," ಎಂದರು ಕಾಕಾ, ಸಣ್ಣ ದನಿಯಲ್ಲಿ. "ಮಾಡಿದಾಂವ ನಾ. ಉಂಡಾಕಿ ಆಕಿ."

ಸಂಜೆಯ ಹೊತ್ತಿಗೆ ಅವಳು ಎದ್ದು ನಿಂತಳು. ಅರ್‌ಬಾಬ್ ಮಾರನೇ ದಿನವೇ ಹೊರದೇಶದ ಒಣಹುಲ್ಲು ಚೀಲಗಟ್ಟಲೆ ತರಿಸಿದರು. ಆ ಮುದುಕಿ ಅದಕ್ಕೆ ಮೂತಿಯನ್ನೇ ಹಾಕಲಿಲ್ಲ. ಮೂಸುತ್ತಿದ್ದಳು, ತಲೆ ಕೊಡವಿ ತನ್ನ ಹೊಲದ ಕಡೆಗೇ ನೋಡುತ್ತಿದ್ದಳು. ಹಸಿಯದನ್ನು ಕೊಡಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ತೊಳೆದು ಕೊಟ್ಟದ್ದನ್ನೂ ಅವಳು ಮುಟ್ಟುತ್ತಿರಲಿಲ್ಲ. ಭಾಯಿ ಒಣಗಿದ್ದನ್ನು ಕೈಯಲ್ಲೇ ಆರಿಸಿ ಕೊಡುತ್ತಿದ್ದ. ಅದು ಅವಳ ಒಂದು ಹೊತ್ತಿಗೂ ಸಾಲುತ್ತಿರಲಿಲ್ಲ. ಪಕ್ಕೆಲುಬು ಕಾಣತೊಡಗಿದವು. ತಿಂದರೆ ಮರಳು, ತಿನ್ನದಿದ್ದರೆ ಉಪವಾಸ. ಅವಳು ಬದುಕಬೇಕೆಂದರೆ ಅವಳ ಹೊಲದ ಹುಲ್ಲೇ ಬೇಕು, ಅದರಲ್ಲಿ ಮರಳು ಇರಕೂಡದು. ಕಾಕಾನ ತಲೆಯಲ್ಲಿ ಬೇರೆ ಯಾವ ವಿಚಾರವೂ ಉಳಿಯಲಿಲ್ಲ.

ತೊಲೆಯನ್ನು ಅವತ್ತೇ ಕತ್ತರಿಸಿ ಬಿಸಾಡಿದ್ದರು. ಆದರೆ ಅಷ್ಟಕ್ಕೆ ಮುಗಿಯಲಿಲ್ಲ. ಹಲ್ಲು ಎತ್ತಿ ಕಟ್ಟಿದರೆ ಹುಲ್ಲು ಬಿಟ್ಟುಹೋಗುತ್ತಿತ್ತು, ಇಳಿಸಿ ಕಟ್ಟಿದರೆ ಮರಳು ಏಳುತ್ತಿತ್ತು. ಅತ್ತ ದರಿ ಇತ್ತ ಪುಲಿ. ಆಫೀಸಿನಿಂದ ಬಂದವರೇ ಅಡುಗೆಮನೆಗೆ ನುಗ್ಗುತ್ತಿದ್ದರು. ದೊಡ್ಡ ತಟ್ಟೆಯಲ್ಲಿ ರವೆ ಹರಡಿ, ಮೇಲೆ ಕೊತ್ತಂಬರಿ ಕಡ್ಡಿ ಚೆಲ್ಲಿ, ರವೆ ಕದಲದ ಹಾಗೆ ಕಡ್ಡಿಯನ್ನು ಮಾತ್ರ ಬಾಚಬೇಕು. ಅದಕ್ಕೆ ನನ್ನ ಬಾಚಣಿಗೆಯೂ ಹೋಯಿತು. ಅದರ ಹಲ್ಲುಗಳನ್ನು ದೀಪಕ್ಕೆ ಹಿಡಿದು ಬಗ್ಗಿಸಿ, ತುದಿ ಮೇಲಕ್ಕೆ ಎತ್ತಿ, ಮತ್ತೆ ಮತ್ತೆ ಎಳೆಯುವರು. "ಉಪ್ಪಿಟ್ಟಿನ ರವಾ ಐತ್ರೀ ಅದು!" ಎಂದು ಕಾಕೂ ಬೈದರೆ, ಕಿವಿಯ ಮೇಲೆ ಹಾಕಿಕೊಂಡರೆ ತಾನೆ? ಶಾರ್ಕ್ ಬಡಾವಣೆಯ ಬ್ಯಾಂಕಿನಲ್ಲಿ ದಿನವೆಲ್ಲ ಗಿರಾಕಿಗಳ ಮುಖ ನೋಡಿ ನೋಡಿ ತಲೆಕೆಟ್ಟು ಬಂದ ನಾನೂ ಚಪ್ಪಲಿ ಬಿಚ್ಚಿ ಅವರ ಎದುರು ಕೂತುಬಿಡುತ್ತಿದ್ದೆ. "ಒಂದೇ ಸರಳಿಗೆ ಎಲ್ಲಾ ಹಲ್ಲು ಕಟ್ಟೀನಿ, ಅದ ತಪ್ಪು," ಎಂದರು ಒಂದು ದಿನ. "ಒಂದು ಕಡೆ ದಿಬ್ಬ ಬಂತಂದ್ರ ಇನ್ನೊಂದು ಕಡೆ ಹಲ್ಲು ನೆಲದಾಗ ಇಳೀತಾವು. ಒಂದೊಂದು ಹಲ್ಲೂ ತಾನ ಏಳಬೇಕು, ತಾನ ಬೀಳಬೇಕು."

ಒಂದೊಂದು ಹಲ್ಲಿಗೂ ಬೇರೆ ಕೀಲು, ಬೇರೆ ಸ್ಪ್ರಿಂಗು. ವರ್ಕ್‌ಶಾಪಿನ ಕೆಲಸ ಮುಗಿಸಿ, ಎಲ್ಲರೂ ಹೋದ ಮೇಲೆ ತಾವೊಬ್ಬರೇ ನಿಂತು ಮಾಡುತ್ತಿದ್ದರು. ಪ್ರತಿ ಶುಕ್ರವಾರ ಒಂದಿಷ್ಟು ಹಲ್ಲು ಬದಲಾಗುವುದು, ಅವಳು ಪಾಪ ನಿಧಾನಕ್ಕೆ ಒಂದು ಸಾಲು ಎಳೆಯುವುದು, ನಾವು ಬೋಗುಣಿಯ ಸುತ್ತ ಕೂರುವುದು. ಮರಳು ಕಡಿಮೆಯಾಗುತ್ತಾ ಬಂತು. ಆದರೆ ಇರುತ್ತಿತ್ತು. ಕಾಕಾ ಬೋಗುಣಿಯ ತಳವನ್ನು ಬೆರಳಿನಿಂದ ಸವರಿ, ಬೆರಳನ್ನೇ ನೋಡುತ್ತಾ ಕೂರುತ್ತಿದ್ದರು. ಬರುವಾಗ ಕಾರಿನಲ್ಲಿ ನನ್ನ ಗಂಡ ಸುಮ್ಮನೆ ರೇಡಿಯೋ ಹಾಕುವುದು, ಆರಿಸುವುದು ಮಾಡುತ್ತಿದ್ದರು.

ಕೊನೆಯ ಹಲ್ಲುಗಳು ಸಿದ್ಧವಾದ ವಾರ ಕಾಕಾನ ಮುಖದಲ್ಲಿ ಕಳೆ ಬಂದಿತ್ತು. "ಈ ಶುಕ್ರವಾರ ನೋಡು ತಂಗಿ," ಎಂದು ಮೆಟ್ಟಿಲ ಮೇಲೆಯೇ ನಿಲ್ಲಿಸಿ ಹೇಳಿದ್ದರು. ಶುಕ್ರವಾರ ಬೆಳಿಗ್ಗೆ, ನಾವು ಇನ್ನೂ ಚಹಾ ಕುಡಿಯುತ್ತಿದ್ದಾಗ ಕಾಕಾಗೆ ಭಾಯಿಯ ಫೋನು ಬಂತು. ಹಿಂದಿನ ಸಂಜೆ ಅವಳಿಗೆ ಮತ್ತೆ ಹೊಟ್ಟೆ ಹಿಡಿದುಕೊಂಡಿತಂತೆ. ಡಾಕ್ಟರು ಬರುವಷ್ಟರಲ್ಲಿ ಹೋಗಿಬಿಟ್ಟಳಂತೆ. ಹೊಸದಾಗಿ ತಿಂದದ್ದಲ್ಲ, ಹಳೆಯ ಮರಳೇ ಕರುಳಿನಲ್ಲಿ ಕೂತಿತ್ತು ಎಂದರಂತೆ ಡಾಕ್ಟರು. ಕಾಕಾ ಫೋನು ಇಟ್ಟು, ಹಲ್ಲುಗಳ ಗೋಣಿಚೀಲ ಎತ್ತಿ ಕಾರಿನ ಡಿಕ್ಕಿಗೆ ಹಾಕಿದರು. ನಾವೂ ಹತ್ತಿ ಕೂತೆವು.

ನಾವು ಮುಟ್ಟುವ ಹೊತ್ತಿಗೆ ಅವಳನ್ನು ಹೂತು ಆಗಿತ್ತು. ಕಾಕಾ ಆ ಕಡೆ ನೋಡಲೂ ಇಲ್ಲ. ಉರಿಬಿಸಿಲಿನಲ್ಲಿ ಕೂತು ಹಲ್ಲುಗಳನ್ನು ಒಂದೊಂದಾಗಿ ಜೋಡಿಸಿದರು. ಆಮೇಲೆ ಎದ್ದು, ಗಾಡಿಗೆ ಕುದುರೆ ಹೂಡುವ ಎರಡು ಮೂಕಿಮರಗಳ ನಡುವೆ ತಾವೇ ಹೋಗಿ ನಿಂತರು. ಪಟ್ಟಿಯನ್ನು ಎದೆಗೆ ಹಾಕಿಕೊಂಡರು. "ಕಾಕಾ, ಬೇಡ," ಎಂದು ನಾನು ಕಿರುಚಿದೆ. ನನ್ನ ಗಂಡ ಓಡಿಹೋಗಿ ಕೈಹಾಕಿದರೆ ಮೊಳಕೈಯಿಂದ ತಳ್ಳಿಬಿಟ್ಟರು. ಎಳೆದರು. ಅರವತ್ತರ ಹತ್ತಿರದ ಮನುಷ್ಯ, ಬಿಳೀ ಅಂಗಿ ಬೆನ್ನಿಗೆ ಅಂಟಿಕೊಂಡು, ಕಾಲು ಮರಳಿನಲ್ಲಿ ಹೂತು ಹೂತು ಹೋಗುತ್ತಾ, ಆ ಕಬ್ಬಿಣದ ಗಾಡಿಯನ್ನು ಒಂದು ಸಾಲು ಪೂರ್ತಿ ಎಳೆದರು. ಅಯ್ಯೋ, ಆ ನೋಟ ನಮ್ಮ ಶತ್ರುವಿಗೂ ಬೇಡ. ಹಿಂದೆ ಹಲ್ಲುಗಳು ಒಂದೊಂದೂ ತಾವಾಗಿ ಎದ್ದು ಬಿದ್ದು ಬರುತ್ತಿದ್ದವು, ಒಂದು ಕಡ್ಡಿಯನ್ನೂ ಬಿಡದೆ.

ಕಾಕೂ ಬೋಗುಣಿ ತಂದಿರಲಿಲ್ಲ. ಭಾಯಿಯೇ ಒಂದು ಪಾತ್ರೆ ತಂದುಕೊಟ್ಟ. ಹುಲ್ಲು ಹಾಕಿ, ನೀರು ಸುರಿದು, ಜಾಲಾಡಿಸಿ ತೆಗೆದು ಕಾದೆವು. ನೀರು ಹಸುರಾಗಿತ್ತು, ತಿಳಿಯಾಗಿತ್ತು. ತಳದಲ್ಲಿ ಏನೂ ಇರಲಿಲ್ಲ. "ಸ್ವಚ್ಛ ಬಂತು ನೋಡ್ರಿ," ಎಂದರು ಕಾಕಾ. ಎದೆಯ ಪಟ್ಟಿಯನ್ನೂ ಬಿಚ್ಚದೆ ಅಲ್ಲೇ ಕುಸಿದು, "ಕೈ ಸೇದಿ ಹೋಗ್ಲಿ ನನ್ನವು, ಕೈ ಸೇದಿ ಹೋಗ್ಲಿ," ಎಂದು ತಮ್ಮ ಕೈಗಳನ್ನೇ ಶಪಿಸುತ್ತಾ ನೆಲ ಬಡಿದು ಅತ್ತರು. ಅರ್‌ಬಾಬ್ ಬಂದು ಅವರ ಹೆಗಲ ಮೇಲೆ ಕೈಯಿಟ್ಟು, "ಖಲಾಸ್, ಮುಹಂದಿಸ್. ಖಲಾಸ್," ಎಂದಷ್ಟೇ ಹೇಳಿದರು. ಅವರ ಕಣ್ಣೂ ಒದ್ದೆಯಾಗಿತ್ತು.

ಆಮೇಲೆ ಬಂದರು ನೋಡಿ ಸಮಾಧಾನ ಹೇಳುವವರು. ಮುದಿ ಕುದುರೆ, ಇಂದಲ್ಲ ನಾಳೆ ಹೋಗುತ್ತಿತ್ತು. ಪ್ರಾಣಿ ತಾನೆ. ಆಗುವುದೆಲ್ಲ ಒಳ್ಳೆಯದಕ್ಕೇ. ಏನು ಒಳ್ಳೆಯದು ಅದರಲ್ಲಿ, ನನಗೆ ಇವತ್ತಿನವರೆಗೂ ತಿಳಿದಿಲ್ಲ. ಆ ಮಾತು ಕೇಳಿದಾಗಲೆಲ್ಲ ಮೈಯೆಲ್ಲ ಉರಿಯುತ್ತದೆ. ಕಾಕಾ ಕೆಲಸ ಬಿಟ್ಟು, ಇಕಾಮಾ ಎಂಬ ಇಲ್ಲಿನ ವಾಸದ ಪರವಾನಗಿ ರದ್ದು ಮಾಡಿಸಿ, ಹುಬ್ಬಳ್ಳಿಯಲ್ಲಿ ಕಾಕೂನ ತಂಗಿಯ ಮನೆಯ ಮಹಡಿಗೆ ಹೋಗಿ ಸೇರಿದರು. ನಾವೂ ಫಿಂಟಾಸ್ ಬಿಟ್ಟೆವು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಫೋನು. ಕಡೆಕಡೆಗೆ ಫೋನಿನಲ್ಲಿ ಕಾಕಾಗೆ ನಾನು ಯಾರೆಂದು ತಿಳಿಯುತ್ತಿರಲಿಲ್ಲ. ಹೋದ ವರ್ಷ ತೀರಿಕೊಂಡರು. ರಜೆ ಸಿಗಲಿಲ್ಲ, ಹೋಗಲಾಗಲಿಲ್ಲ...

ಮೊನ್ನೆ ತಡೆಯಲಾಗದೆ ಕಾಕೂಗೆ ಫೋನು ಮಾಡಿದೆ. ಅದೂ ಇದೂ ಮಾತಾಡಿದ ಮೇಲೆ, ಕೊನೆಗಾಲದಲ್ಲಿ ಕಾಕಾ ಬಹಳ ಕಷ್ಟಪಟ್ಟರೇ ಎಂದು ಕೇಳಿದೆ.

"ಎಲ್ಲಾ ಮರ್ತಿದ್ರು ತಂಗಿ. ಕಡೀಕ ನಾ ಯಾರಂತನೂ ಗೊತ್ತಾಗ್ತಿದ್ದಿಲ್ಲ," ಎಂದರು ಕಾಕೂ. "ಆದ್ರ ದಿನಾ ಮುಂಜಾನೆ ಎದ್ದ ಕೂಡ್ಲೇ ಒಂದ ಮಾತು. ಆಕಿ ಹೊಸಾ ಹುಲ್ಲು ತಿಂದಳೇನು ಅಂತ."

"ನೀವೇನಂತಿದ್ರಿ?"

"ತಿಂದಾಳ್ರೀ, ಹೊಟ್ಟಿ ತುಂಬ ತಿಂದಾಳ ಅಂತಿದ್ದೆ. ಮತ್ತೇನನ್ನಲಿ? ನನ್ನ ಮಾರಿನ ನೋಡ್ತಿದ್ರು. ಸುಳ್ಳ ಹೇಳಬ್ಯಾಡ ಅಂತ ಗ್ವಾಡಿ ಕಡೆ ತಿರಗಿ ಮಲಗ್ತಿದ್ರು. ಒಂದ ದಿನಾನೂ ನಂಬಲಿಲ್ಲ ನೋಡು."

ಕಾಕೂ ಆ ಕಡೆಯಿಂದ ಅಳತೊಡಗಿದರು. ನಾನು ಫೋನು ಕಿವಿಗೆ ಹಿಡಿದುಕೊಂಡೇ ಹೋಗಿ ಮೊಲದ ಮುಂದೆ ಒಂದು ಹಿಡಿ ಹುಲ್ಲು ಹಾಕಿದೆ.